ಹೊಸ ಒಲೆ ಬಂದರೂ ಹಳೆಯ ಒಲೆ ಯಾಕೆ ಆರುವುದಿಲ್ಲ? ಎರ್ಗೊನಾಮಿಕ್ಸ್ ಹೇಳುವ ಉತ್ತರ

"ಗ್ಯಾಸ್ ಕೊಟ್ಟರೂ ಹಳ್ಳಿಯವರು ಸೌದೆ ಒಲೆ ಬಿಡುವುದಿಲ್ಲ, ಅವರಿಗೆ ಅರಿವೇ ಇಲ್ಲ" ಎಂಬ ಧಾಟಿಯ ಮಾತನ್ನು ನೀವೂ ಕೇಳಿರುತ್ತೀರಿ. ಅದಕ್ಕೆ ಎದುರಾಗಿ ಇನ್ನೊಂದು ಮಾತೂ ಇದೆ: "ನಮ್ಮ ಅಜ್ಜಿ ಹೊಗೆಯಲ್ಲೇ ಅಡುಗೆ ಮಾಡಿ ತೊಂಬತ್ತು ವರ್ಷ ಬದುಕಿದರು, ಹೊಗೆಯಿಂದ ಏನೂ ಆಗುವುದಿಲ್ಲ." ಮೊದಲನೆಯದು ಅಡುಗೆ ಮಾಡುವವರನ್ನು ದೂರುತ್ತದೆ. ಎರಡನೆಯದು ಹೊಗೆಯನ್ನು ಕಾಪಾಡುತ್ತದೆ. ಎರಡೂ ಸರಿಯಲ್ಲ.

ಹಾಗಾದರೆ ಸರಿಯಾದ ಉತ್ತರ ಏನು? ಅದನ್ನು ಹುಡುಕಲು ನಮಗೆ ನೆರವಾಗುವುದು ಎರ್ಗೊನಾಮಿಕ್ಸ್ ಎಂಬ ವಿಜ್ಞಾನ. ಆಫೀಸಿನ ದುಬಾರಿ ಕುರ್ಚಿಯ ಜಾಹೀರಾತಿನಲ್ಲಿ ಕಾಣುವ ಈ ಪದಕ್ಕೂ ಹಳ್ಳಿಯ ಒಲೆಗೂ, ಅಲ್ಲಿಂದ ಮುಂದೆ ಸುಸ್ಥಿರ ಅಭಿವೃದ್ಧಿಗೂ ಏನು ನಂಟು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಮೊದಲು, ಇದು ಯಾಕೆ ಮುಖ್ಯ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 210 ಕೋಟಿ ಜನ ಈಗಲೂ ಸೌದೆ, ಬೆರಣಿ, ಇದ್ದಿಲು, ಬೆಳೆಯ ಕಸ ಅಥವಾ ಸೀಮೆಎಣ್ಣೆ ಬಳಸಿ, ತೆರೆದ ಬೆಂಕಿಯಲ್ಲಿ ಇಲ್ಲವೇ ಹೊಗೆಯುಗುಳುವ ಒಲೆಗಳಲ್ಲಿ ಅಡುಗೆ ಮಾಡುತ್ತಾರೆ. ಮನೆಯೊಳಗಿನ ಈ ಹೊಗೆಯ ಕಾರಣಕ್ಕೆ 2020ರಲ್ಲಿ ಸುಮಾರು 32 ಲಕ್ಷ ಜನ ಅವಧಿಗೆ ಮುನ್ನ ಸತ್ತಿದ್ದಾರೆಂದು ಅದೇ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಮಕ್ಕಳ ನ್ಯುಮೋನಿಯಾ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೂ ಈ ಹೊಗೆಗೂ ಸಂಬಂಧವಿದೆ.

ನಮ್ಮ ದೇಶದ ಸ್ಥಿತಿ? 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಶೇ. 58.6ರಷ್ಟು ಮನೆಗಳು ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನ ಬಳಸುತ್ತಿದ್ದವು. ಗ್ರಾಮೀಣ ಭಾಗದಲ್ಲಿ ಈ ಪ್ರಮಾಣ ಶೇ. 43.2 ಮಾತ್ರ. ಗಮನಿಸಿ, ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಗಿ, 2019ರ ಸೆಪ್ಟೆಂಬರ್ ವೇಳೆಗೆ 8 ಕೋಟಿ ಸಂಪರ್ಕಗಳನ್ನು ಕೊಟ್ಟು ಮುಗಿಸಿತ್ತು. ಇದು ಸಣ್ಣ ಸಾಧನೆಯೇನಲ್ಲ. ಆದರೆ ಮನೆಗೆ ಗ್ಯಾಸ್ ಬರುವುದು ಒಂದು ಹಂತ, ಆ ಮನೆಯ ಹಳೆಯ ಒಲೆ ಆರುವುದು ಇನ್ನೊಂದು ಹಂತ. ಈ ಎರಡರ ನಡುವಿನ ದೂರವೇ ನಮ್ಮ ವಿಷಯ.

ಎರ್ಗೊನಾಮಿಕ್ಸ್ ಎಂದರೆ ಕುರ್ಚಿ ಮಾತ್ರವೇ?

ಅಲ್ಲ. ಗ್ರೀಕ್ ಭಾಷೆಯಲ್ಲಿ 'ಎರ್ಗಾನ್' ಎಂದರೆ ಕೆಲಸ, 'ನೊಮೊಸ್' ಎಂದರೆ ನಿಯಮ. ಪೋಲೆಂಡಿನ ವಿಜ್ಞಾನಿ ವೊಯ್ಚೆಖ್ ಯಾಸ್ಟ್‌ಶೆಂಬೋವ್‌ಸ್ಕಿ 1857ರಲ್ಲೇ ಈ ಪದವನ್ನು ಬಳಸಿದ್ದರು. 1949ರಲ್ಲಿ ಬ್ರಿಟನ್ನಿನಲ್ಲಿ ಇದೇ ಹೆಸರಿನ ಸಂಶೋಧನಾ ಸಂಘ ಹುಟ್ಟಿದ ಮೇಲೆ ಅದೊಂದು ಪ್ರತ್ಯೇಕ ಅಧ್ಯಯನವಾಗಿ ಬೆಳೆಯಿತು. ಅಮೆರಿಕದಲ್ಲಿ ಇದನ್ನೇ 'ಹ್ಯೂಮನ್ ಫ್ಯಾಕ್ಟರ್ಸ್', ಅಂದರೆ ಮಾನವ ಅಂಶಗಳು ಎಂದು ಕರೆದರು. ಕನ್ನಡದಲ್ಲಿ ಕೆಲವರು ದಕ್ಷತಾಶಾಸ್ತ್ರ ಎನ್ನುವುದುಂಟು.

ಮನುಷ್ಯ, ಅವನು ಬಳಸುವ ವಸ್ತು, ಅವನು ಇರುವ ಜಾಗ, ಅವನು ಪಾಲಿಸಬೇಕಾದ ನಿಯಮ ಇವೆಲ್ಲ ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂಬುದನ್ನು ಅರಿಯುವುದೇ ಈ ವಿಜ್ಞಾನದ ಕೆಲಸ. ಇದಕ್ಕೆ ಎರಡು ಗುರಿಗಳಿವೆ. ಕೆಲಸ ಚೆನ್ನಾಗಿ ಆಗಬೇಕು, ಕೆಲಸ ಮಾಡುವವರೂ ಚೆನ್ನಾಗಿರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಅದು ಎರ್ಗೊನಾಮಿಕ್ಸ್ ಆಗುವುದಿಲ್ಲ.

ಇದರಲ್ಲಿ ಮೂರು ಶಾಖೆಗಳಿವೆ. ದೇಹಕ್ಕೆ ಸಂಬಂಧಿಸಿದ್ದು ಮೊದಲನೆಯದು: ಎತ್ತುವುದು, ಬಾಗುವುದು, ಕೂರುವುದು. ಗಮನ, ನೆನಪು, ಗ್ರಹಿಕೆಗೆ ಸಂಬಂಧಿಸಿದ್ದು ಎರಡನೆಯದು. ಹಣ, ಸಮಯ, ಸೇವೆ, ದುರಸ್ತಿ, ಯಾರು ತೀರ್ಮಾನಿಸುತ್ತಾರೆ ಎಂಬಂತಹ ವ್ಯವಸ್ಥೆಗೆ ಸಂಬಂಧಿಸಿದ್ದು ಮೂರನೆಯದು. ಕುರ್ಚಿ ಮೊದಲ ಶಾಖೆಯ ಒಂದು ಸಣ್ಣ ಉದಾಹರಣೆಯಷ್ಟೇ.

ತಪ್ಪು ಬಳಸುವವರದ್ದೋ, ವಸ್ತುವಿನದ್ದೋ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಿಗೆ ಒಂದು ವಿಚಿತ್ರ ತೊಂದರೆ ಎದುರಾಗಿತ್ತು. ಕ್ಷೇಮವಾಗಿ ನೆಲ ಮುಟ್ಟಿದ ಮೇಲೆ ಕೆಲವು ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು! ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. "ಪೈಲಟ್‌ನ ತಪ್ಪು" ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭವಿತ್ತು.

ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ಟಿನೊಳಗೆ ನೋಡಿದಾಗ ಕಂಡದ್ದು ಬೇರೆ. ಫ್ಲ್ಯಾಪ್‌ನ ಸ್ವಿಚ್ಚೂ ಚಕ್ರದ ಸ್ವಿಚ್ಚೂ ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ದಣಿದ ಪೈಲಟ್‌ನ ಕೈ ಒಂದರ ಬದಲು ಇನ್ನೊಂದಕ್ಕೆ ಹೋಗುತ್ತಿತ್ತು. ಅವರು ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರವನ್ನೂ ಫ್ಲ್ಯಾಪ್‌ನ ಹಿಡಿಗೆ ರೆಕ್ಕೆಯ ತುಂಡಿನಂತಹ ಆಕಾರವನ್ನೂ ಕೊಡಿಸಿದರು. ಕೈಗೆ ತಾಕಿದೊಡನೆ ಯಾವುದು ಯಾವುದೆಂದು ತಿಳಿಯತೊಡಗಿತು, ಅಂತಹ ಅಪಘಾತಗಳು ನಿಂತವು. ಇಂದಿನ ವಿಮಾನಗಳಲ್ಲೂ ಈ ಹಿಡಿಗಳು ಅದೇ ಆಕಾರದಲ್ಲಿರುತ್ತವೆ.

ಇದರ ಪಾಠ ಸರಳ. ಒಂದೇ ತಪ್ಪನ್ನು ಹಲವರು, ಹಲವು ಕಡೆ ಮಾಡುತ್ತಿದ್ದರೆ ಅವರಿಗೆ ಬುದ್ಧಿ ಹೇಳುವ ಮುನ್ನ ವಸ್ತುವನ್ನು ನೋಡಬೇಕು. ಲಕ್ಷಾಂತರ ಮನೆಗಳಲ್ಲಿ ಹೊಸ ಒಲೆ ಮೂಲೆ ಸೇರಿದರೆ, ಅದಕ್ಕೆ ಲಕ್ಷಾಂತರ ಹೆಂಗಸರ ಅಜ್ಞಾನವೇ ಕಾರಣ ಎನ್ನುವುದಕ್ಕಿಂತ ಒಲೆಗೂ ಅಡುಗೆಮನೆಗೂ ಹೊಂದಾಣಿಕೆ ಆಗಿಲ್ಲ ಎನ್ನುವುದು ಹೆಚ್ಚು ನಂಬಬಹುದಾದ ವಿವರಣೆ.

ಕೋಟಿಗಟ್ಟಲೆ ಒಲೆಗಳ ಕಥೆ

ಸೌದೆ ಒಲೆಯನ್ನು ಸುಧಾರಿಸುವ ಕೆಲಸದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. 'ಅಸ್ತ್ರ ಒಲೆ' ಹುಟ್ಟಿದ್ದು ಈ ಕೇಂದ್ರದ ಕೆಲಸದಿಂದಲೇ. ಮುಚ್ಚಿದ ಉರಿಗೂಡು, ಗಾಳಿಯಾಡುವ ಜಾಲರಿ, ಮೂರು ಪಾತ್ರೆ ಇಡುವ ಜಾಗ, ಹೊಗೆ ಹೊರಗೆ ಕಳಿಸುವ ಚಿಮಣಿ ಇದರ ವಿಶೇಷ. ಸಾಂಪ್ರದಾಯಿಕ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ತಲುಪಿದರೆ, ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಶಾಖ ಬಳಕೆಯಾಗುತ್ತಿತ್ತು. 'ಅಸ್ತ್ರ' ಕೇಂದ್ರವೇ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ.

'ಸರಿಯಾಗಿ ಕಟ್ಟಿದ' ಎಂಬ ಮಾತನ್ನು ಇಲ್ಲಿ ಅಡಿಗೆರೆ ಎಳೆದು ಓದಬೇಕು. ಇಂತಹ ಒಲೆಗಳಲ್ಲಿ ಗೂಡಿನ ಎತ್ತರ, ಬಾಯಿಯ ಅಗಲ, ಪಾತ್ರೆ ಕೂರುವ ಆಳ ಸ್ವಲ್ಪ ತಪ್ಪಿದರೂ ಲಾಭ ಕರಗಿಹೋಗುತ್ತದೆ. ಒಲೆ ಕಟ್ಟುವವರಿಗೆ ತರಬೇತಿ ಬೇಕು. ಚಿಮಣಿಗೆ ಕಟ್ಟುವ ಮಸಿಯನ್ನು ಆಗಾಗ ತೆಗೆಯಬೇಕು. ಒಲೆ ಬಿರುಕು ಬಿಟ್ಟರೆ ಮೆತ್ತಬೇಕು.

ದೇಶದ ಮಟ್ಟದಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2002ರ ಹೊತ್ತಿಗೆ ಅದು ನಿಲ್ಲುವ ಮುನ್ನ ಸುಮಾರು 3.5 ಕೋಟಿ ಒಲೆಗಳು ಹಂಚಿಕೆಯಾಗಿದ್ದವು. ಆದರೆ ಗುರಿಯನ್ನು ಎಣಿಸಿದ್ದು 'ಎಷ್ಟು ಒಲೆ ಕೊಟ್ಟೆವು' ಎಂಬ ಲೆಕ್ಕದಲ್ಲಿ. ಕೆಲವು ವರ್ಷಗಳ ನಂತರ ಎಷ್ಟು ಒಲೆಗಳಲ್ಲಿ ಉರಿ ಇದೆ ಎಂಬುದು ಬೇರೆಯೇ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಖಚಿತ ಉತ್ತರ ಕೊಟ್ಟ ಅಧ್ಯಯನಗಳಲ್ಲಿ ಒಡಿಶಾದ್ದು ಹೆಸರಾಗಿದೆ. ರೇಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 44 ಹಳ್ಳಿಗಳ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷದವರೆಗೆ ಗಮನಿಸಿದರು. (ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು.) ಯಾವ ಮನೆಗೆ ಚಿಮಣಿ ಒಲೆ ಮೊದಲು ಸಿಗಬೇಕೆಂಬುದನ್ನು ಲಾಟರಿಯಂತೆ ಎತ್ತಿ ತೀರ್ಮಾನಿಸಿದ್ದರಿಂದ ಹೋಲಿಕೆ ನ್ಯಾಯವಾಗಿತ್ತು.

ಮೊದಲ ವರ್ಷ ಮಹಿಳೆಯರು ಉಸಿರಾಡುವ ಹೊಗೆ ನಿಜಕ್ಕೂ ಕಡಿಮೆಯಾಯಿತು. ಆಮೇಲೆ ಆ ಲಾಭ ಮಾಯವಾಯಿತು! ಶ್ವಾಸಕೋಶದ ಶಕ್ತಿಯಲ್ಲಾಗಲಿ, ಸೌದೆಯ ಖರ್ಚಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಜನ ಆ ಒಲೆಯನ್ನು ಆಗೊಮ್ಮೆ ಈಗೊಮ್ಮೆ ಬಳಸಿದರು, ದುರಸ್ತಿ ಸರಿಯಾಗಿ ನಡೆಯಲಿಲ್ಲ, ಬಳಕೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಅಡುಗೆಮನೆಯಲ್ಲಿ ಸೋತಿತ್ತು.

ಚೀನಾದ ಅನುಭವ ಇದಕ್ಕಿಂತ ಬೇರೆ. ಅಲ್ಲಿ 1980ರ ದಶಕದ ಆರಂಭದಿಂದ ಸುಮಾರು ಹತ್ತು ವರ್ಷಗಳಲ್ಲಿ 12 ಕೋಟಿಗೂ ಹೆಚ್ಚು ಸುಧಾರಿತ ಒಲೆಗಳು ಮನೆ ಸೇರಿದವು. ಸೌದೆಯ ಕೊರತೆ ಇದ್ದ ಜಿಲ್ಲೆಗಳನ್ನು ಮೊದಲು ಆರಿಸಿಕೊಂಡರು. ಒಲೆ ಮಾಡಿ, ಕೂರಿಸಿ, ದುರಸ್ತಿ ಮಾಡುವ ಸ್ಥಳೀಯ ಉದ್ಯಮಗಳನ್ನು ಬೆಳೆಸಿದರು. ಬೆಲೆಯ ಬಹುಪಾಲನ್ನು ಬಳಸುವವರೇ ಕೊಟ್ಟಿದ್ದರಿಂದ ತಮಗೆ ಹೊಂದದ ಒಲೆಯನ್ನು ಅವರು ಕೊಳ್ಳುತ್ತಿರಲಿಲ್ಲ, ಮಾಡುವವರೂ ಅವರ ಮಾತು ಕೇಳಬೇಕಾಗಿತ್ತು. ಅಲ್ಲೂ ಎಲ್ಲವೂ ಸರಿಯಿತ್ತೆಂದಲ್ಲ. ಆದರೆ ಅಲ್ಲಿ ಒಲೆಯ ಜೊತೆಗೆ ಅದರ ಸುತ್ತಲಿನ ವ್ಯವಸ್ಥೆಯನ್ನೂ ಕಟ್ಟಿದ್ದರು.

ಅಡುಗೆಮನೆಯನ್ನು ಮೂರು ಕಡೆಯಿಂದ ನೋಡೋಣ

ಮೊದಲು ದೇಹ. ರಾಗಿಮುದ್ದೆ ಮಾಡುವವರನ್ನು ನೋಡಿ. ಕೋಲಿನಿಂದ ಬಲವಾಗಿ ತಿರುವುವಾಗ ಪಾತ್ರೆ ಅಲುಗಾಡಬಾರದು. ಹಗುರವಾದ, ಎತ್ತಿಕೊಂಡು ಹೋಗಬಹುದಾದ ಸಣ್ಣ ಒಲೆ ಹೊಗೆ ಕಡಿಮೆ ಮಾಡಬಹುದು, ಆದರೆ ತಿರುವುವ ಹೊಡೆತಕ್ಕೆ ಅದೇ ಉರುಳಿದರೆ? ಜೋಳದ ರೊಟ್ಟಿಗೆ ಅಗಲ ಹಂಚು ಬೇಕು, ಕೊನೆಯಲ್ಲಿ ಕೆಂಡದ ಶಾಖಕ್ಕೆ ಒಡ್ಡಿ ಉಬ್ಬಿಸಬೇಕು. ಕಿರಿದಾದ ಬಾಯಿಯ ಒಲೆಯಲ್ಲಿ ಅದು ಕಷ್ಟ. ಹಲವು ಸುಧಾರಿತ ಒಲೆಗಳಿಗೆ ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕು. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಉದ್ದ ಕೊರಡನ್ನೇ ಇಟ್ಟು, ಉರಿದಂತೆಲ್ಲ ಒಳಗೆ ತಳ್ಳಿದರೆ ಸಾಕು. ಸೌದೆ ಉಳಿಸುವ ಒಲೆ ಸೌದೆ ಸೀಳುವ ಕೆಲಸವನ್ನು ಹೆಚ್ಚಿಸಿತು ಎಂದಾಯಿತು. ಚಿಮಣಿಯ ಮಸಿ ತೆಗೆಯಲು ಸೂರು ಹತ್ತುವವರು ಯಾರು ಎಂಬ ಪ್ರಶ್ನೆಯನ್ನೂ ಮರೆಯಬಾರದು.

ಗ್ಯಾಸ್‌ಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ, ಸಿಲಿಂಡರಿನದ್ದೇ ತೂಕ ಸೇರಿದರೆ ಒಟ್ಟು ಸುಮಾರು 30 ಕೆ.ಜಿ. ಭಾರ ಎತ್ತುವ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ರೂಪಿಸಿದ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿರುವಾಗಲೂ ಮಿತಿ 23 ಕೆ.ಜಿ. ಮಾತ್ರ. ಮನೆ ಬಾಗಿಲಿಗೆ ಗಾಡಿ ಬಾರದ ಊರಿನಲ್ಲಿ, ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಈ ಭಾರವೇ ಒಂದು ತಡೆ. 5 ಕೆ.ಜಿ. ಅನಿಲದ ಸಣ್ಣ ಸಿಲಿಂಡರ್ ಬಂದಿದ್ದರಿಂದ ಭಾರವೂ ತಗ್ಗುತ್ತದೆ, ಒಂದೇ ಸಲ ಕೊಡಬೇಕಾದ ಹಣವೂ ತಗ್ಗುತ್ತದೆ.

ಎರಡನೆಯದು ಗ್ರಹಿಕೆ. ಅಡುಗೆ ಎಂದರೆ ಸದಾ ಸುಳಿವುಗಳನ್ನು ಓದುವ ಕೆಲಸ: ಉರಿಯ ಬಣ್ಣ, ಕುದಿಯುವ ಸದ್ದು, ಕುಕ್ಕರಿನ ಸೀಟಿ. ಮುಚ್ಚಿದ ಗೂಡಿನ ಒಲೆಯಲ್ಲಿ ಉರಿ ಕಾಣುವುದೇ ಇಲ್ಲವಾದರೆ ಅಡುಗೆ ಮಾಡುವವರಿಗೆ ಹಿಡಿತ ತಪ್ಪಿದಂತಾಗುತ್ತದೆ. ಒಳ್ಳೆಯ ವಿನ್ಯಾಸ ಸುಳಿವುಗಳನ್ನು ಕಿತ್ತುಕೊಳ್ಳುವುದಿಲ್ಲ, ಹೊಸ ಸುಳಿವು ಕೊಡುತ್ತದೆ. ಇದಕ್ಕೆ ಅಡುಗೆ ಅನಿಲವೇ ಚೆಂದದ ಉದಾಹರಣೆ. ಈ ಅನಿಲಕ್ಕೆ ಸಹಜವಾಗಿ ಹೇಳಿಕೊಳ್ಳುವಂತಹ ವಾಸನೆ ಇಲ್ಲ. ಸೋರಿದರೆ ನಮ್ಮ ಮೂಗಿಗೆ ಗೊತ್ತಾಗಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸುತ್ತಾರೆ. ಯಂತ್ರವಿಲ್ಲದೆ, ಓದು ಬರಹ ಬಾರದವರಿಗೂ ಅರ್ಥವಾಗುವ ಎಚ್ಚರಿಕೆ ಇದು.

ಮೂರನೆಯದು ವ್ಯವಸ್ಥೆ. ಸಂಪರ್ಕಕ್ಕೆ ಠೇವಣಿ ಕಟ್ಟಬೇಕಿಲ್ಲ, ನಿಜ. ಆದರೆ ಸಿಲಿಂಡರ್ ಖಾಲಿಯಾದಾಗಲೆಲ್ಲ ಹಣ ಬೇಕು. ಸಬ್ಸಿಡಿ ಇದ್ದರೂ ಅದು ಆಮೇಲೆ ಖಾತೆಗೆ ಬರುತ್ತದೆ, ಮೊದಲು ಪೂರ್ತಿ ಬೆಲೆ ಕೈಯಿಂದ ಹೋಗಬೇಕು. ದಿನಗೂಲಿಯ ಮನೆಯಲ್ಲಿ ಹಣ ದಿನಕ್ಕಿಷ್ಟು ಎಂದು ಬರುತ್ತದೆ, ಸಿಲಿಂಡರ್ ಮಾತ್ರ ಒಂದೇ ಕಂತಿನಲ್ಲಿ ಬರುತ್ತದೆ. ಹೊಲದ ಬದುವಿನ ಕಡ್ಡಿ, ತೆಂಗಿನ ಗರಿ, ಬೆರಣಿಗೆ ಹಣ ಕೊಡಬೇಕಿಲ್ಲ. ಅದನ್ನು ಆರಿಸಿ ತರುವ ಹೆಂಗಸಿನ ಹೊತ್ತಿಗೆ ಮನೆಯ ಲೆಕ್ಕದಲ್ಲಿ ಬೆಲೆ ಇಲ್ಲದಿರುವಾಗ 'ಪುಕ್ಕಟೆ' ಸೌದೆ ಯಾವಾಗಲೂ ಗೆಲ್ಲುತ್ತದೆ.

ಇನ್ನೊಂದು ವಿಷಯ ನಮ್ಮ ಬಚ್ಚಲಲ್ಲೇ ಇದೆ. ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ದೊಡ್ಡ ಸಂಸಾರದ ಬಿಸಿನೀರನ್ನೆಲ್ಲ ಗ್ಯಾಸಿನಲ್ಲಿ ಕಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. 'ಅಡುಗೆ ಒಲೆ' ಎಂದು ಹೊರಟ ಯೋಜನೆಗೆ ಬಚ್ಚಲ ಒಲೆ ಕಾಣದೇ ಹೋದರೆ ಮನೆಯ ಹೊಗೆ ಪೂರ್ತಿ ಹೋಗುವುದಿಲ್ಲ.

ಅರ್ಧ ಬಳಸಿದರೆ ಅರ್ಧ ಲಾಭ ಸಿಗುವುದಿಲ್ಲವೇ?

ಸಿಗುವುದಿಲ್ಲ ಎಂಬುದೇ ಇಲ್ಲಿನ ಗಂಭೀರ ವಿಷಯ. ಹೊಗೆಯ ಕಣಗಳಿಗೂ ಕಾಯಿಲೆಯ ಅಪಾಯಕ್ಕೂ ಇರುವ ಸಂಬಂಧ ನೇರ ಗೆರೆಯಂತಿಲ್ಲ. ಹೊಗೆ ಸ್ವಲ್ಪವೇ ಇದ್ದಾಗಲೂ ಅಪಾಯ ಬೇಗ ಏರುತ್ತದೆ, ಹೊಗೆ ತುಂಬಾ ಹೆಚ್ಚಾದ ಮೇಲೆ ಏರಿಕೆ ನಿಧಾನವಾಗುತ್ತದೆ. ದಿನಕ್ಕೆ 20 ಸಿಗರೇಟು ಸೇದುವವರು 10ಕ್ಕೆ ಇಳಿಸಿದರೂ ಹೃದ್ರೋಗದ ಅಪಾಯ ಅರ್ಧಕ್ಕೆ ಇಳಿಯುವುದಿಲ್ಲ, ಅಲ್ಲವೇ? ಹೊಗೆಯ ಲೆಕ್ಕವೂ ಹಾಗೆಯೇ.

ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಸೌದೆ ಉರಿಯುವ, ಗಾಳಿಯಾಡದ ಅಡುಗೆಮನೆಯಲ್ಲಿ ಇದು ಹಲವು ನೂರರಷ್ಟಿರುತ್ತದೆ. ಅದನ್ನು ಅರ್ಧಕ್ಕೆ ತಂದರೂ ಮಿತಿಯಿಂದ ಬಹಳ ದೂರವೇ ಉಳಿಯುತ್ತೇವೆ. ಹಾಗಾಗಿ ಹೊಸ ಒಲೆಯನ್ನು ಬಹುಪಾಲು ಎಲ್ಲ ಕೆಲಸಕ್ಕೂ ಬಳಸುವಂತಾದರೆ ಮಾತ್ರ ಶ್ವಾಸಕೋಶಕ್ಕೆ ನಿಜವಾದ ಲಾಭ. ಬಳಸಲು ಅನುಕೂಲವಾಗಿರುವುದು ಇಲ್ಲಿ ಸೌಕರ್ಯದ ಮಾತಲ್ಲ, ಆರೋಗ್ಯದ ಮಾತು.

ಸುಸ್ಥಿರ ಅಭಿವೃದ್ಧಿಗೆ ಎಲ್ಲಿ ನಂಟು?

ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆ ತರದೆ ಇಂದಿನ ಅಗತ್ಯ ಪೂರೈಸುವುದು ಸುಸ್ಥಿರ ಅಭಿವೃದ್ಧಿ ಎಂದು 1987ರ ಬ್ರುಂಟ್‌ಲಾಂಡ್ ವರದಿ ವಿವರಿಸಿತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳಿಗೆ 2030ರ ಗಡುವಿದೆ. ಒಂದು ಒಲೆ ಇವುಗಳಲ್ಲಿ ಎಷ್ಟನ್ನು ಮುಟ್ಟುತ್ತದೆ ನೋಡಿ: ಆರೋಗ್ಯ (ಗುರಿ 3), ಮಹಿಳೆಯರ ಸಂಬಳವಿಲ್ಲದ ದುಡಿಮೆ (ಗುರಿ 5), ಶುದ್ಧ ಶಕ್ತಿ (ಗುರಿ 7), ಹವಾಮಾನ (ಗುರಿ 13), ಕಾಡು (ಗುರಿ 15).

ಬಳಕೆಯಾಗದ ವಸ್ತು ಪರಿಸರಕ್ಕೆ ಎರಡು ಪಟ್ಟು ಹೊರೆ. ಅದನ್ನು ಮಾಡಲು ಖರ್ಚಾದ ಲೋಹ, ಇಂಧನ, ತೆರಿಗೆ ಹಣ ವ್ಯರ್ಥವಾಗುತ್ತದೆ, ಹಳೆಯ ಹಾನಿಯೂ ನಿಲ್ಲುವುದಿಲ್ಲ. ಆದ್ದರಿಂದಲೇ ಎರ್ಗೊನಾಮಿಕ್ಸ್ ತಜ್ಞರು "ಇದು ಕೆಲಸ ಮಾಡುತ್ತದೆಯೇ?" ಎಂದು ಕೇಳಿ ಸುಮ್ಮನಾಗುವುದಿಲ್ಲ. "ಇವರ ಕೈಯಲ್ಲಿ, ಈ ಜಾಗದಲ್ಲಿ, ಐದು ವರ್ಷವಾದ ಮೇಲೂ ಕೆಲಸ ಮಾಡುತ್ತದೆಯೇ?" ಎಂದು ಕೇಳುತ್ತಾರೆ.

ಈ ಪ್ರಶ್ನೆಯನ್ನು ಮೊದಲೇ ಕೇಳಿ ಗೆದ್ದ ಉದಾಹರಣೆ ನಿಮ್ಮೂರಿನ ಬೀದಿಯಲ್ಲೇ ಇರಬಹುದು: ಬೋರ್‌ವೆಲ್ ಕೈಪಂಪು. ಮೊದಮೊದಲು ಬಂದ ಬೀಡು ಕಬ್ಬಿಣದ ಪಂಪುಗಳು ಒಂದು ಕುಟುಂಬದ ಬಳಕೆಗೆ ಮಾಡಿದ ವಿದೇಶಿ ಮಾದರಿಗಳ ನಕಲು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ಅವು ತಾಳುತ್ತಿರಲಿಲ್ಲ. 1970ರ ದಶಕದಲ್ಲಿ ಸೋಲಾಪುರದಲ್ಲಿ ಬಳಕೆಯಲ್ಲಿದ್ದ ಗಟ್ಟಿ ಮಾದರಿಯೊಂದನ್ನು ಆಧಾರವಾಗಿಟ್ಟುಕೊಂಡು ಯುನಿಸೆಫ್ ನೆರವಿನಲ್ಲಿ 'ಇಂಡಿಯಾ ಮಾರ್ಕ್ 2' ಪಂಪು ರೂಪುಗೊಂಡಿತು. ಊರಿಗೆ ಊರೇ ಬಳಸಿದರೂ ತಾಳುವ ಪಂಪು ಅದು. ನಂತರ ಬಂದ 'ಮಾರ್ಕ್ 3'ರಲ್ಲಿ ಕೊಳವೆಯನ್ನೆಲ್ಲ ಮೇಲೆತ್ತದೆ ಒಳಗಿನ ಪಿಸ್ಟನ್ನನ್ನು ಮಾತ್ರ ಹೊರತೆಗೆಯಬಹುದು. ಅಂದರೆ ದೂರದ ಲಾರಿ, ದೊಡ್ಡ ತಂಡಕ್ಕೆ ಕಾಯದೆ ಊರಿನವರೇ ದುರಸ್ತಿ ಮಾಡಿಕೊಳ್ಳಬಹುದು.

ಹೊಲದ ಕಡೆಯಿಂದ ಇನ್ನೊಂದು ಉದಾಹರಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೂಲಿಕಾರರು ಗಿಡ್ಡ ಹಿಡಿಯ ಗುದ್ದಲಿ ಹಿಡಿದು ದಿನವಿಡೀ ಬಾಗಿ ಕಳೆ ತೆಗೆಯಬೇಕಿತ್ತು. ಉದ್ದ ಹಿಡಿ ಕೊಟ್ಟರೆ ಬೆಳೆ ಹಾಳಾಗುತ್ತದೆ ಎಂಬುದು ಮಾಲೀಕರ ವಾದ. ಕೂಲಿಕಾರರು ನ್ಯಾಯಾಲಯಕ್ಕೆ ಹೋದರು, 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಿತ್ತು. ಬೆಳೆ ಹಾಳಾಗಲಿಲ್ಲ, ಬೆನ್ನುಗಳು ಉಳಿದವು. ಗುರಿ 8 ಹೇಳುವ 'ಗೌರವದ ದುಡಿಮೆ' ಎಂಬುದು ಇಲ್ಲಿ ಒಂದು ಹಿಡಿಯ ಉದ್ದದಲ್ಲಿತ್ತು!

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಹಿಂದಿನವರು ಹೊಗೆಯಲ್ಲೇ ಇದ್ದು ನೂರು ವರ್ಷ ಬಾಳಿದರು.
ವಾಸ್ತವ: ಬಾಳಿದವರು ನಮಗೆ ನೆನಪಿದ್ದಾರೆ, ಬೇಗ ಹೋದವರ ಕಥೆ ಹೇಳುವವರಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಅದಕ್ಕೆ ಹೊಗೆಯೊಂದೇ ಕಾರಣವಲ್ಲ, ಆದರೆ 'ಆಗ ಎಲ್ಲರೂ ಗಟ್ಟಿಯಾಗಿದ್ದರು' ಎಂಬುದಕ್ಕೆ ಆಧಾರವಿಲ್ಲ.

ನಂಬಿಕೆ: ಸೌದೆ ನೈಸರ್ಗಿಕ, ಅದರ ಹೊಗೆಯಿಂದ ಹಾನಿ ಇಲ್ಲ.
ವಾಸ್ತವ: ಸೌದೆಯ ಹೊಗೆಯಲ್ಲೂ ಸೂಕ್ಷ್ಮ ಕಣಗಳು, ಕಾರ್ಬನ್ ಮೊನಾಕ್ಸೈಡ್, ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಇರುತ್ತವೆ.

ನಂಬಿಕೆ: ಸೌದೆ ಒಲೆಯ ಅಡುಗೆಯೇ ರುಚಿ ಎನ್ನುವುದು ಬರೀ ಹಠ.
ವಾಸ್ತವ: ಕೆಂಡದ ಶಾಖ, ಹೊಗೆಯ ಪರಿಮಳ ರುಚಿಯನ್ನು ಬದಲಿಸುವುದು ನಿಜ. ರುಚಿಯೂ ಒಂದು ಮಾನವ ಅಂಶವೇ. ಅದನ್ನು ಗೇಲಿ ಮಾಡುವ ಯೋಜನೆ ಗೆಲ್ಲುವುದಿಲ್ಲ.

ನಂಬಿಕೆ: ಎರ್ಗೊನಾಮಿಕ್ಸ್ ದುಡ್ಡಿದ್ದವರಿಗೆ.
ವಾಸ್ತವ: ಹಿಡಿಯ ಉದ್ದ, ಒಲೆಯ ಬಾಯಿ, ಸಿಲಿಂಡರಿನ ಗಾತ್ರ ಸರಿಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ಬಳಸುವವರ ಮಾತನ್ನು ಮೊದಲೇ ಕೇಳುವುದು ಬೇಕು.

ಮನೆಯಲ್ಲಿ ಸೌದೆ ಒಲೆ ಇದ್ದರೆ ಈಗಲೇ ಏನು ಮಾಡಬಹುದು?

ಒಣಗಿದ ಸೌದೆಯನ್ನೇ ಬಳಸಿ, ಹಸಿ ಸೌದೆ ಹೊಗೆ ಹೆಚ್ಚಿಸುತ್ತದೆ. ಪ್ಲಾಸ್ಟಿಕ್ ಹಾಕಿ ಉರಿ ಹೊತ್ತಿಸಬೇಡಿ. ಪಾತ್ರೆಗೆ ಮುಚ್ಚಳ ಹಾಕಿ, ಕಾಳನ್ನು ಮೊದಲೇ ನೆನೆಸಿ, ಆದಷ್ಟು ಕುಕ್ಕರ್ ಬಳಸಿ. ಕಿಟಕಿ, ಬಾಗಿಲು ತೆರೆದಿಡಿ. ಪುಟ್ಟ ಮಕ್ಕಳನ್ನೂ ಗರ್ಭಿಣಿಯರನ್ನೂ ಹೊಗೆಯಿಂದ ದೂರವಿಡಿ. ಗ್ಯಾಸ್ ಇದ್ದರೆ 'ಅದು ನೆಂಟರು ಬಂದಾಗ' ಎಂದು ಎತ್ತಿಡದೆ ದಿನದ ಅಡುಗೆಗೆ ಅದನ್ನೇ ಮೊದಲು ಹಚ್ಚಿ. ಸಾಧ್ಯವಾದರೆ ಹಂಡೆಯ ಒಲೆಯನ್ನು ಹೊರಗೆ ಕಟ್ಟಿಸಿ, ಇಲ್ಲವೇ ಚಿಮಣಿ ಹಾಕಿಸಿ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಇಟ್ಟುಕೊಳ್ಳಬೇಡಿ, ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯಬಹುದು. ಬಹುಕಾಲದ ಕೆಮ್ಮು, ಏದುಸಿರು ಇದ್ದರೆ 'ಒಲೆ ಮುಂದೆ ಇರುವವರಿಗೆ ಇದು ಇದ್ದದ್ದೇ' ಎಂದು ಬಿಡದೆ ವೈದ್ಯರಿಗೆ ತೋರಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಕಿಟಕಿ ತೆರೆದು ಹೊರಬನ್ನಿ. ನೆರವಿಗೆ 1906ಕ್ಕೆ ಕರೆ ಮಾಡಬಹುದು.

'ಅದ್ಭುತ ಒಲೆ' ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ

ಕಡಿಮೆ ಸೌದೆ, ಹೊಗೆಯೇ ಇಲ್ಲ ಎಂದು ತೋರಿಸುವ ವಿಡಿಯೊ ಬಂದರೆ, ಅಥವಾ ನಿಮ್ಮ ಸ್ವಸಹಾಯ ಸಂಘ, ಪಂಚಾಯಿತಿ ಹೊಸದೊಂದು ಸಾಧನ ಹಂಚಲು ಹೊರಟರೆ ಈ ಐದು ಪ್ರಶ್ನೆ ಕೇಳಿ.

1. ನಮ್ಮ ಮನೆಯ ಪಾತ್ರೆ ಇದರ ಮೇಲೆ ಕೂರುತ್ತದೆಯೇ, ನಮ್ಮ ಅಡುಗೆ ಇದರಲ್ಲಿ ಆಗುತ್ತದೆಯೇ?
2. ಇದು ಯಾರ ಕೆಲಸ ಕಡಿಮೆ ಮಾಡುತ್ತದೆ, ಯಾರ ಕೆಲಸ ಹೆಚ್ಚಿಸುತ್ತದೆ?
3. ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿದ್ದಾರೆಯೇ, ಬಿಡಿಭಾಗ ಸಿಗುತ್ತದೆಯೇ?
4. ಮೊದಲ ದಿನದ ಖರ್ಚಲ್ಲ, ಪ್ರತಿ ತಿಂಗಳ ಖರ್ಚು ಎಷ್ಟು?
5. ಒಂದು ವರ್ಷದಿಂದ ಬಳಸುತ್ತಿರುವ ಮನೆಯೊಂದನ್ನು ನೋಡಬಹುದೇ?

ಐದನೆಯದಕ್ಕೆ ಉತ್ತರ ಸಿಗದಿದ್ದರೆ ಆ ವಿಡಿಯೊವನ್ನು ನಿಮ್ಮಲ್ಲೇ ನಿಲ್ಲಿಸುವುದು ಒಳ್ಳೆಯದು. "ಅವರಿಗೆ ಅರಿವಿಲ್ಲ" ಎಂಬ ಸಂದೇಶ ಮತ್ತೆ ಬಂದರೆ, ಒಲೆಯ ಮುಂದೆ ಕೂತವರನ್ನು ಯಾರಾದರೂ ಕೇಳಿ ನೋಡಿದ್ದಾರೆಯೇ ಎಂದು ಮರುಪ್ರಶ್ನೆ ಹಾಕಿ. ಆ ಒಲೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ.